ಎಂಜಿನ್ ಓಡುತ್ತಿರುವಾಗಲೇ ಗದ್ದೆಗಿಳಿದ ನನ್ನ ಅನುಭವ

"ಎಂಜಿನ್ ಓಡ್ತಾ ಇದ್ರೆ ಸೀದಾ ರನ್‌ವೇ ಸ್ಟ್ರಿಪ್‌ಗೆ ಬಾ, ಗದ್ದೆಗೆ ಯಾಕೆ ಇಳೀತೀಯ?" ನಮ್ಮ ಹ್ಯಾಂಗರ್‌ನಲ್ಲಿ ಎಲ್ಲರದ್ದೂ ಇದೇ ಮಾತಿತ್ತು. ಕಳೆದ ಜನವರಿಯಲ್ಲಿ ದಕ್ಷಿಣ ಕೊಡಗಿನ ಬಾಳೆಲೆ ಊರಿನ ಕಡೆ ನನ್ನ ಟ್ರೈಕ್ (ಬಟ್ಟೆ ರೆಕ್ಕೆಯ, ಮೂರು ಚಕ್ರದ ಪುಟ್ಟ ವಿಮಾನ) ಇಳಿಸಿದ ಮೇಲೆ ಬಾಯಿ ಮುಚ್ಚಿದ್ದಾರೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮೈಸೂರು, ಕಣ್ಣೂರು ಎರಡೂ ದೂರ. ಕೆಳಗೆ ಜಾಸ್ತಿ ಕಾಣುವುದು ಕಾಫಿ ತೋಟ. ಮೇಲಿಂದ ಮೆತ್ತಗೆ ಹಾಸಿಟ್ಟಂತೆ ಕಂಡರೂ ಅದು ಸಿಲ್ವರ್ ಓಕ್ ಮರಗಳ ತುದಿ. ಇಳಿಯಲು ಉಳಿದದ್ದು ಗದ್ದೆ. ಅದೂ ಹುತ್ತರಿ (ಸುಗ್ಗಿ ಹಬ್ಬ) ಮುಗಿದು, ಕೊಯ್ಲಾಗಿ, ನೆಲ ಒಣಗಿದ ಮೇಲೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಮತ್ತೆ ಅನುಮಾನ.

ಹಾಗಾಗಿ ಕೊಯ್ಲಾದ ಕೂಡಲೇ ಬೈಕಿನಲ್ಲಿ ಸುತ್ತಿ ಗದ್ದೆ ಗುರುತು ಮಾಡಿಕೊಳ್ಳುತ್ತೇನೆ. ಮೊದಮೊದಲು ಸ್ಯಾಟಲೈಟ್ ಚಿತ್ರ ನೋಡಿ ಪಟ್ಟಿ ಮಾಡಿದ್ದೆ. ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಚಪ್ಪಟೆ ಕಂಡಲ್ಲಿ ಮೊಣಕಾಲೆತ್ತರದ ಬದು. ಒಂದನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು: ಏರು ಮಡಿ, ನಡುವೆ ಕಾಲುವೆ, ಮುಂದಿನ ಚಕ್ರ ಅಲ್ಲೇ ಮುರಿಯುತ್ತದೆ. ಇನ್ನೊಂದರ ಅಂಚಿಗೆ ಆನೆಗೆಂದು ಸೋಲಾರ್ ಬೇಲಿ, ಆ ತಂತಿ ಮೇಲಿಂದ ಕಾಣುವುದೇ ಇಲ್ಲ. ಈಗ ಬೈಕನ್ನೇ ಗದ್ದೆಯುದ್ದಕ್ಕೂ ಓಡಿಸುತ್ತೇನೆ. 40ರ ವೇಗದಲ್ಲಿ ಸೀಟಿನಿಂದ ಏಳದೆ ಹೋಗಲಿಕ್ಕಾದರೆ ಪಾಸ್. ಒಮ್ಮೆ ಸ್ಕೂಟರಿನಲ್ಲೂ ನೋಡಿದೆ, ಸಣ್ಣ ಚಕ್ರ ಎಲ್ಲ ಗದ್ದೆಯನ್ನೂ ಫೇಲ್ ಮಾಡಿತು. ಹಸಿ ನೆಲವನ್ನು ಮೇಲಿಂದಲೇ ಗುರುತಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ.

ನಿರ್ಧಾರದ ಲೆಕ್ಕ ಸರಳ. ಎಂಜಿನ್ ಕೆಡುವ ಒಂದು ಲಕ್ಷಣ ಕಂಡರೆ ಹತ್ತಿರದ ಗದ್ದೆ ಮೇಲೆ ಹೋಗಿ ಸುತ್ತುವುದು. ಎರಡು ಕಂಡರೆ ಇಳಿಯುವುದು. ಅವತ್ತು ನನ್ನ ರೋಟ್ಯಾಕ್ಸ್ 582 ಎಂಜಿನ್ನಿನ ಒಂದು ಸಿಲಿಂಡರಿನ ಇಜಿಟಿ (ಹೊರಬರುವ ಹೊಗೆಯ ಬಿಸಿ) 640 ಡಿಗ್ರಿ ಹತ್ತಿರ ಏರಿತು, ಇನ್ನೊಂದು ಇದ್ದಲ್ಲೇ ಇತ್ತು. ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ಮುನ್ನೂರೋ ನಾನೂರೋ ಕುಸಿಯಿತು. ಸ್ಟ್ರಿಪ್‌ಗೆ ಹತ್ತು ನಿಮಿಷ, ಮಧ್ಯೆ ಬರೀ ತೋಟ. ಎಂಜಿನ್ ಇನ್ನೂ ಇತ್ತಲ್ಲ, ತಗ್ಗಿನಲ್ಲಿ ಒಂದು ಸುತ್ತು ಹಾರಿ ನೋಡಿದೆ: ಕರೆಂಟ್ ಕಂಬದ ಸಾಲು, ದನ, ಹುಲ್ಲಿನ ಮೆದೆ. ನಿಂತುಹೋದ ಎಂಜಿನ್ನಿಗೆ ಈ ಸುತ್ತು ಎಲ್ಲಿಂದ ಬರಬೇಕು? ಗಾಳಿಗೆ ಎದುರಾಗಿ ಇಳಿದರೆ ಬದು ದಾಟಬೇಕಿತ್ತು. ಹಾಗಾಗಿ ಸಣ್ಣ ಅಡ್ಡಗಾಳಿ ಇದ್ದರೂ ಬದುವಿನ ಉದ್ದಕ್ಕೇ ಇಳಿಸಿದೆ. ಅರ್ಧ ಗದ್ದೆಯಲ್ಲೇ ನಿಂತಿತು.

"ಎಂಥ ಸಾರ್, ದಾರಿ ತಪ್ಪಿತಾ?" ಅಂತ ಗದ್ದೆಯವರು ನಗುತ್ತಾ ಬಂದರು. ದುಡ್ಡು ಕೊಡಲು ಹೋದರೆ ಬೇಡ ಅಂದರು, ಕಾಫಿ ಬೇರೆ ಕೊಟ್ಟರು.

ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಸಾಕೆಟ್ ಸೀಳಿತ್ತು. ಸುಮ್ನೆ ನೋಡಿದರೆ ಏನೂ ಕಾಣದು. ಕಾರ್ಬ್ಯುರೇಟರನ್ನು ಕೈಯಲ್ಲಿ ಒಂದು ಕಡೆಗೆ ವಾಲಿಸಿದಾಗ ಅಡಿಯಲ್ಲಿ ಸೀಳು ಬಾಯಿ ಬಿಟ್ಟಿತು. ಅಲ್ಲಿಂದ ಹೆಚ್ಚು ಗಾಳಿ ಎಳೆದು ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿತ್ತು. ಇನ್ನಷ್ಟು ಓಡಿಸಿದ್ದರೆ ಪಿಸ್ಟನ್ ಸೀಜ್ ಆಗುತ್ತಿತ್ತು, ಆಮೇಲೆ ಲಕ್ಷದ ಮಾತು. ಮಧ್ಯಾಹ್ನದ ಬಿಸಿಲಲ್ಲಿ, ಈ ಎತ್ತರದಲ್ಲಿ, ಅಷ್ಟು ಗಿಡ್ಡ ಗದ್ದೆಯಿಂದ ಏಳುವ ಯೋಚನೆಯನ್ನೇ ಮಾಡಲಿಲ್ಲ. ರೆಕ್ಕೆ ಮಡಚಿ ಟೆಂಪೋದಲ್ಲಿ ತಂದೆವು. ಬಾಡಿಗೆ, ಆಳು, ಎರಡೂ ಹೊಸ ಸಾಕೆಟ್, ಹಾರಾಟಕ್ಕೆ ಬುಕ್ ಮಾಡಿದ್ದವರಿಗೆ ವಾಪಸ್ ಕೊಟ್ಟ ಹಣ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿಯಿತು.

ಈಗ ನಕ್ಕವರೇ ನನ್ನ ಗದ್ದೆ ಪಟ್ಟಿ ಕೇಳುತ್ತಾರೆ. ಕೊಡುತ್ತೇನೆ, ಬೈಕ್ ಮಾತ್ರ ಅವರೇ ಓಡಿಸಿ ನೋಡಬೇಕು. ಪಟ್ಟಿಯಲ್ಲಿದ್ದ ಎರಡು ಒಳ್ಳೆ ಗದ್ದೆ ಆಗಲೇ ಶುಂಠಿಗೆ ಹೋಗಿವೆ.