ಮೈನ್‌ಸ್ವೀಪರ್ ಆಡುವುದು ಹೇಗೆ: ಅದೃಷ್ಟ ಬಿಡಿ, ಅಂಕಿ ಓದಿ

ಹಳೆಯ ವಿಂಡೋಸ್ ಕಂಪ್ಯೂಟರ್ ಮುಂದೆ ಕೂತವರಲ್ಲಿ ಮೈನ್‌ಸ್ವೀಪರ್ ತೆರೆಯದವರು ಕಡಿಮೆ. ಆದರೆ ಬಹಳಷ್ಟು ಜನ ಸುಮ್ನೆ ಅಲ್ಲಿ ಇಲ್ಲಿ ಕ್ಲಿಕ್ ಮಾಡಿ, ಬಾಂಬ್ ಸಿಡಿದ ಮೇಲೆ ಆ ಹಳದಿ ಮುಖ ಒತ್ತಿ ಮತ್ತೆ ಶುರು ಮಾಡಿದವರೇ. ಆ ಅಂಕಿಗಳು ಯಾಕಿವೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ? 1992ರಲ್ಲಿ ವಿಂಡೋಸ್ 3.1 ಜೊತೆ ಬಂದ ಆಟ ಇದು. ವಿಂಡೋಸ್ 8ರಿಂದ ಸಿಸ್ಟಮ್ ಜೊತೆ ತಾನಾಗೇ ಬರುವುದು ನಿಂತಿತು, ಆದರೆ ಮೊಬೈಲ್‌ನಲ್ಲೂ ಬ್ರೌಸರ್‌ನಲ್ಲೂ ಬೇಕಾದಷ್ಟು ಸಿಗುತ್ತದೆ.

ನಿಯಮ ಇಷ್ಟೇ. ಮುಚ್ಚಿದ ಚೌಕದ ಮನೆಗಳ ಕೆಳಗೆ ಅಲ್ಲಲ್ಲಿ ಬಾಂಬ್ ಅಡಗಿವೆ, ಅವನ್ನು ತಪ್ಪಿಸಿ ಉಳಿದ ಮನೆಗಳನ್ನು ಕ್ಲಿಕ್ ಮಾಡಿ ತೆರೆಯಬೇಕು. ತೆರೆದ ಮನೆಯಲ್ಲಿ ಒಂದು ಅಂಕಿ ಬಂದರೆ, ಅದರ ಸುತ್ತಲಿನ ಎಂಟು ಮನೆಗಳಲ್ಲಿ ಅಷ್ಟು ಬಾಂಬ್ ಇವೆ ಅಂತ ಅರ್ಥ. ಓರೆಯಾಗಿ ಮೂಲೆಗೆ ತಾಗುವ ಮನೆಗಳೂ ಲೆಕ್ಕಕ್ಕೆ ಬರುತ್ತವೆ, ಅದನ್ನು ಮರೆಯಬೇಡಿ. ಖಾಲಿ ಮನೆ ಬಂದರೆ ಸುತ್ತ ಒಂದೂ ಇಲ್ಲ, ಹಾಗಾಗಿ ಅಕ್ಕಪಕ್ಕದ್ದೆಲ್ಲ ತಾನಾಗಿಯೇ ತೆರೆದುಕೊಳ್ಳುತ್ತದೆ. ಬಾಂಬ್ ಇದೆ ಅಂತ ಖಾತ್ರಿಯಾದ ಕಡೆ ಬಲ ಕ್ಲಿಕ್ ಮಾಡಿ ಬಾವುಟ ನೆಡಿ, ಮೊಬೈಲ್‌ನಲ್ಲಾದರೆ ಸಾಮಾನ್ಯವಾಗಿ ಒತ್ತಿ ಹಿಡಿಯಬೇಕು. ಬಾವುಟಗಳನ್ನೆಲ್ಲ ನೆಟ್ಟರೇ ಗೆಲುವು ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬಾಂಬ್ ಇಲ್ಲದ ಮನೆಗಳೆಲ್ಲ ತೆರೆದರೆ ಆಟ ಮುಗಿಯಿತು, ಒಂದೂ ಬಾವುಟ ನೆಡದೆ ಗೆಲ್ಲುವವರಿದ್ದಾರೆ.

ಮೊದಲ ಕ್ಲಿಕ್ ಬಗ್ಗೆ ಹೆದರಿಕೆ ಬೇಡ, ಹಳೆಯ ವಿಂಡೋಸ್ ಆಟದಲ್ಲೂ ಮೊದಲ ಕ್ಲಿಕ್‌ಗೆ ಬಾಂಬ್ ಸಿಡಿಯುವುದಿಲ್ಲ. ಅಲ್ಲಿ ಬಾಂಬ್ ಇದ್ದರೆ ಆಟವೇ ಅದನ್ನು ಎತ್ತಿ ಎಡಗಡೆ ಮೇಲಿನ ಮೂಲೆಗೆ ಸಾಗಿಸುತ್ತದೆ! ನಿಮಗೆ ಬೇಕಿರುವುದು ಒಂದು ದೊಡ್ಡ ಖಾಲಿ ಜಾಗ. ಮೂಲೆಯ ಮನೆಗೆ ನೆರೆಯವರು ಮೂರೇ, ನಡುವಿನದಕ್ಕೆ ಎಂಟು. ಎಕ್ಸ್‌ಪರ್ಟ್ ಅನ್ನುವ ಕಷ್ಟದ ಹಂತದಲ್ಲಿ, ಅಂದರೆ 30 ಅಡ್ಡ 16 ಉದ್ದದ 480 ಮನೆಗಳಲ್ಲಿ 99 ಬಾಂಬ್ ಇರುವಾಗ, ಮೂಲೆ ಒತ್ತಿದರೆ ಖಾಲಿ ತೆರೆಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ, ನಡುವೆ ಒತ್ತಿದರೆ ನೂರಕ್ಕೆ 16ರ ಆಸುಪಾಸು. ಮೂಲೆಯಿಂದಲೇ ಶುರು ಮಾಡಿ.

ಈಗ ಅಸಲಿ ವಿಷಯ. ಒಂದೊಂದೇ ಅಂಕಿ ನೋಡುತ್ತ ಕೂತರೆ ಬೇಗ ಸಿಕ್ಕಿಹಾಕಿಕೊಳ್ಳುತ್ತೀರಿ. ಅಕ್ಕಪಕ್ಕದ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಗೋಡೆಗೆ, ಅಂದರೆ ಬೋರ್ಡಿನ ಅಂಚಿಗೆ, ತಾಗಿದ ಸಾಲು ಅಂದುಕೊಳ್ಳಿ: ತುದಿಯಲ್ಲಿ 1, ಅದರ ಪಕ್ಕ ಇನ್ನೊಂದು 1, ಮೇಲಿನ ಸಾಲು ಪೂರ್ತಿ ಮುಚ್ಚಿದೆ, ಸುತ್ತಲಿನ ಉಳಿದ ಮನೆಗಳು ತೆರೆದಿವೆ. ತುದಿಯ 1ಕ್ಕೆ ತಾಗುವುದು ಮೇಲಿನ ಮೊದಲ ಎರಡು ಮನೆ ಮಾತ್ರ. ಅವೆರಡರಲ್ಲಿ ಒಂದು ಬಾಂಬ್ ಇದ್ದೇ ಇದೆ. ಪಕ್ಕದ 1ಕ್ಕೆ ಮೊದಲ ಮೂರು ಮನೆ ತಾಗುತ್ತವೆ, ಅದರ ಪಾಲಿನ ಒಂದು ಬಾಂಬ್ ಆಗಲೇ ಆ ಎರಡರೊಳಗೆ ಮುಗಿದುಹೋಯಿತು. ಹಾಗಾದರೆ ಮೂರನೆಯ ಮನೆ ನಿಶ್ಚಿಂತೆಯಿಂದ ತೆರೆಯಬಹುದು. ಬಾಂಬ್ ಆ ಎರಡರಲ್ಲಿ ಯಾವುದರಲ್ಲಿದೆ ಅಂತ ಗೊತ್ತೇ ಇಲ್ಲದೆ ಮುಂದಕ್ಕೆ ದಾರಿ ಸಿಕ್ಕಿತು ನೋಡಿ! ಅದೇ ಜಾಗದಲ್ಲಿ 1 ಮತ್ತು 2 ಇದ್ದರೆ ಮೂರನೆಯದು ಬಾಂಬೇ.

ಇನ್ನೊಂದು ಪದೇ ಪದೇ ಕಣ್ಣಿಗೆ ಬೀಳುತ್ತದೆ: ನೇರ ಸಾಲಿನಲ್ಲಿ 1-2-1, ಒಂದೇ ಕಡೆ ಮುಚ್ಚಿದ ಮನೆಗಳು. 2ರ ಎದುರಿನ ಮನೆಯಲ್ಲಿ ಬಾಂಬ್ ಇದೆ ಅಂತ ಊಹಿಸಿ. ಆಗ 2ಕ್ಕೆ ಇನ್ನೊಂದು ಬೇಕು, ಅದು ಎಡಕ್ಕೋ ಬಲಕ್ಕೋ ಇರಬೇಕು. ಯಾವ ಕಡೆ ಇಟ್ಟರೂ ಆ ಕಡೆಯ 1ಕ್ಕೆ ಎರಡು ಬಾಂಬ್ ತಾಗಿಬಿಡುತ್ತವೆ, ತಪ್ಪಾಯಿತು. ಹಾಗಾಗಿ 2ರ ಎದುರು ಖಾಲಿ, ಎರಡೂ 1ರ ಎದುರು ಬಾಂಬ್. 1-2-2-1 ಬಂದರೆ ಉಲ್ಟಾ, ಬಾಂಬ್‌ಗಳು ಎರಡೂ 2ರ ಎದುರು. ಇವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಸಲ ಕಾಗದದ ಮೇಲೆ ಬರೆದು ನೋಡಿ, ಆಮೇಲೆ ಕೈ ತಾನಾಗೇ ಓಡುತ್ತದೆ.

ಅಂಕಿಗೆ ತಕ್ಕಷ್ಟು ಬಾವುಟ ನೆಟ್ಟಾಗಿದ್ದರೆ ಆ ಅಂಕಿಯ ಮೇಲೆ ಎಡ, ಬಲ ಎರಡೂ ಬಟನ್ ಒಟ್ಟಿಗೆ ಒತ್ತಿ. ಉಳಿದ ಮನೆಗಳು ಒಂದೇ ಏಟಿಗೆ ತೆರೆಯುತ್ತವೆ. ಬಾವುಟ ತಪ್ಪಾಗಿದ್ದರೆ ಮಾತ್ರ ಕಥೆ ಮುಗಿಯಿತು.

ಮೂಲೆಯ ಕೌಂಟರ್ ಮೇಲೂ ಕಣ್ಣಿರಲಿ. ಅದು ತೋರಿಸುವುದು ಒಟ್ಟು ಬಾಂಬ್‌ಗಳಲ್ಲಿ ನೀವು ನೆಟ್ಟ ಬಾವುಟ ಕಳೆದರೆ ಉಳಿಯುವ ಸಂಖ್ಯೆ. ಕೊನೆಗೆ ನಾಲ್ಕೈದು ಮನೆ ಉಳಿದು ತಲೆ ಕೆಡುವಾಗ, 'ಇನ್ನೊಂದೇ ಬಾಂಬ್ ಇದೆ' ಅನ್ನುವ ಆ ಒಂದು ಸುಳಿವೇ ಎಷ್ಟೋ ಸಲ ಗಂಟು ಬಿಡಿಸುತ್ತದೆ.

ಎಲ್ಲವೂ ಲೆಕ್ಕದಿಂದಲೇ ಬಗೆಹರಿಯುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ಸಲ ಊಹಿಸಲೇಬೇಕು. ಆಗಲೂ ಕಣ್ಣು ಮುಚ್ಚಿ ಒತ್ತಬೇಡಿ. ಎಂಟೂ ಕಡೆ ಮುಚ್ಚಿರುವ ಒಂಟಿ 1ರ ಪಕ್ಕ ಒತ್ತಿದರೆ ಅಪಾಯ ಎಂಟರಲ್ಲಿ ಒಂದು, ಎಕ್ಸ್‌ಪರ್ಟ್‌ನಲ್ಲಿ ದೂರದ ಯಾವುದೋ ಮನೆ ಒತ್ತಿದರೆ ಸುಮಾರು ಐದರಲ್ಲಿ ಒಂದು. ಇನ್ನು ಸುತ್ತ ಎಲ್ಲ ಬಂದ್ ಆಗಿ, ಎರಡು ಮನೆಯಲ್ಲಿ ಒಂದು ಬಾಂಬ್, ಹೊರಗಿನಿಂದ ಯಾವ ಸುಳಿವೂ ಬರುವಂತಿಲ್ಲ ಅಂದಾಗ ಅದನ್ನು ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ಸಿಕ್ಕ ಕೂಡಲೇ ಒಂದನ್ನು ಒತ್ತಿಬಿಡಿ. ಸಿಡಿಯುವುದಿದ್ದರೆ ಈಗಲೇ ಸಿಡಿಯಲಿ, ಉಳಿದದ್ದೆಲ್ಲ ಬಿಡಿಸಿದ ಮೇಲೆ ಸಿಡಿದರೆ ಅಷ್ಟು ಹೊತ್ತೂ ದಂಡ.