ಹವ್ಯಾಸಿ ಯಂತ್ರಗಾರಿಕೆಗೆ ಕ್ರ್ಯಾಕ್ ಮಾಡಿದ ತಂತ್ರಾಂಶ: ನಿರ್ಧಾರಕ್ಕೆ ಬರುವ ಬಗೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಹಗಲೆಲ್ಲ ಭಾಗಗಳ ವಿನ್ಯಾಸ ಬರೆಯುವ ಸಾಲಿಡ್‌ವರ್ಕ್ಸ್‌ನಲ್ಲೋ ಯಂತ್ರಕ್ಕೆ ಕತ್ತರಿಸುವ ದಾರಿ ಹಾಕಿಕೊಡುವ ಮಾಸ್ಟರ್‌ಕ್ಯಾಮ್‌ನಲ್ಲೋ ಪಳಗಿದವರು ಸಂಜೆ ಮನೆಯ ಪುಟ್ಟ ಸಿಎನ್‌ಸಿ ರೌಟರಿನ (ಕಂಪ್ಯೂಟರಿನ ಆಜ್ಞೆಯಂತೆ ಕೊರೆಯುವ ಯಂತ್ರ) ಮುಂದೆ ಕುಳಿತಾಗಲೂ ಅದೇ ತಂತ್ರಾಂಶವನ್ನು ಬಯಸುವುದು ಸಹಜ. ಆದರೆ ಅದರ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ, ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್‌ನ ಬೀಗ ಒಡೆದ, ಪ್ರತಿಯೋ ಗೆಳೆಯರ ಪೆನ್‌ಡ್ರೈವಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ‘ನಾನಂತೂ ದುಡ್ಡು ಕೊಟ್ಟು ಕೊಳ್ಳುತ್ತಿರಲಿಲ್ಲ, ಕಂಪನಿಗೆ ಆದ ನಷ್ಟವೇನು?’ ಎಂಬ ವಾದವನ್ನು ನಾನು ಪೂರ್ತಿ ಸುಳ್ಳೆನ್ನುವುದಿಲ್ಲ. ದೊಡ್ಡ ಕಂಪನಿಗೆ ಒಬ್ಬ ಹವ್ಯಾಸಿಯಿಂದ ಕಣ್ಣಿಗೆ ಕಾಣುವ ನಷ್ಟ ಆಗದಿರಬಹುದು. ನಿಜವಾಗಿ ಗಿರಾಕಿಯನ್ನು ಕಳೆದುಕೊಳ್ಳುವುದು ಹವ್ಯಾಸಿಗಳಿಗೆಂದೇ ಕಡಿಮೆ ಬೆಲೆಗೆ ಸಿಗುವ ಎಸ್ಟಲ್‌ಕ್ಯಾಮ್‌ನಂಥ ತಂತ್ರಾಂಶ. ಬಳಕೆದಾರರನ್ನೂ ದೋಷ ತೋರಿಸಿಕೊಡುವವರನ್ನೂ ಕಳೆದುಕೊಳ್ಳುವುದು ಫ್ರೀಕ್ಯಾಡ್‌ನಂಥ, ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ಈ ಲೆಕ್ಕ ಆ ವಾದದೊಳಗೆ ಬರುವುದೇ ಇಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು, ಮುಂದಿನ ಆರು ತಿಂಗಳಲ್ಲಿ ನಿಮ್ಮ ಯಂತ್ರದಿಂದ ಏನೇನು ತಯಾರಿಸುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು. ಮಂಡ್ಯದ ಕಡೆಯ ಆಲೆಮನೆಯ ಗಾಣಕ್ಕೆ ಒಂದು ಬುಷ್, ಮೋಟಾರಿಗೆ ಒಂದು ಬ್ರ್ಯಾಕೆಟ್, ಬೀಟೆ ಮರದ ಹಲಗೆಯಲ್ಲಿ ಮೈಸೂರು ಇನ್‌ಲೇ ಮಾದರಿಯ (ಗುಳಿ ತೋಡಿ ಅದರೊಳಗೆ ಬೇರೆ ತುಂಡು ಕೂರಿಸುವ) ಹೂಬಳ್ಳಿ: ಪಟ್ಟಿ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಇನ್‌ಲೇಯನ್ನೇ ನೋಡಿ. 3 ಮಿ.ಮೀ. ಆಳದ ಗುಳಿಯನ್ನು 2 ಮಿ.ಮೀ. ವ್ಯಾಸದ ಎಂಡ್‌ಮಿಲ್‌ನಿಂದ (ತಿರುಗುತ್ತ ಕೊರೆಯುವ ಕಟರ್) ಕೊರೆದರೆ ಎಲೆಯ ಚೂಪು ತುದಿ ಒಳಭಾಗದಲ್ಲಿ 1 ಮಿ.ಮೀ. ತ್ರಿಜ್ಯದಷ್ಟು ದುಂಡಗಾಗಿಯೇ ಉಳಿಯುತ್ತದೆ. ಅದು ಕಟರ್‌ನ ಮಿತಿ. ಎಷ್ಟು ಲಕ್ಷದ ತಂತ್ರಾಂಶ ಹಾಕಿದರೂ ಆ ಎಂಡ್‌ಮಿಲ್ ಆ ಮೂಲೆಯನ್ನು ಚೂಪು ಮಾಡಲಾರದು, ಕೊನೆಗೆ ಉಳಿಯನ್ನೇ ಹಿಡಿಯಬೇಕು. ಗುಳಿ ತೋಡುವುದು, ಅಂಚು ಕತ್ತರಿಸುವುದು, ರಂಧ್ರ ಕೊರೆಯುವುದು, ಇಷ್ಟನ್ನು ಫ್ರೀಕ್ಯಾಡ್‌ನ ಕ್ಯಾಮ್ ವಿಭಾಗ (ವಿನ್ಯಾಸವನ್ನು ಯಂತ್ರದ ಆಜ್ಞೆಗಳಾಗಿಸುವ ಭಾಗ) ಧಾರಾಳವಾಗಿ ಮಾಡುತ್ತದೆ. ಅದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂದಿತು. ಹಿಂದೊಮ್ಮೆ ನೋಡಿ ಬೇಸತ್ತು ಬಿಟ್ಟವರು ಮತ್ತೆ ನೋಡಬೇಕು. ಯಂತ್ರ ನಡೆಸಲು ಜಿಆರ್‌ಬಿಎಲ್ ಮತ್ತು ಲಿನಕ್ಸ್‌ಸಿಎನ್‌ಸಿ ಎರಡೂ ಉಚಿತವಾಗಿವೆ.

ಪಟ್ಟಿಯಲ್ಲಿ ಇವಕ್ಕೆ ಮೀರಿದ ಕೆಲಸವಿದ್ದರೆ, ದುಬಾರಿ ಕಂಪನಿಗಳೇ ಹವ್ಯಾಸಿಗಳಿಗೆ ಕೊಡುವ ಲೈಸೆನ್ಸ್‌ಗಳನ್ನು ಓದಿ. ಸೀಮೆನ್ಸ್‌ನ ಸಾಲಿಡ್ ಎಡ್ಜ್ ಸಮುದಾಯ ಆವೃತ್ತಿ ಉಚಿತ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನಿಮ್ಮ ವಿನ್ಯಾಸಗಳು ಎಲ್ಲರಿಗೂ ಕಾಣುತ್ತವೆ. ಆಟೋಡೆಸ್ಕ್ ಫ್ಯೂಷನ್‌ನ ವೈಯಕ್ತಿಕ ಲೈಸೆನ್ಸ್ ಕೂಡ ಉಚಿತ. ಆದರೆ 2020ರಿಂದ ಅದಕ್ಕೆ ಮಿತಿಗಳನ್ನು ಹಾಕಿದ್ದಾರೆ. ಒಮ್ಮೆಗೆ ತಿದ್ದಬಹುದಾದ ಕಡತಗಳು 10, ತಾನಾಗಿ ಟೂಲ್ ಬದಲಿಸುವ ಸೌಲಭ್ಯವಿಲ್ಲ, ಕತ್ತರಿಸದೆ ಸರಿಯುವ ಜಿ0 ಚಲನೆಗಳೂ ಫೀಡ್ ವೇಗಕ್ಕೆ, ಅಂದರೆ ಕತ್ತರಿಸುವಾಗಿನ ನಿಧಾನ ವೇಗಕ್ಕೆ, ಇಳಿಯುತ್ತವೆ. ಈ ಕೊನೆಯ ಮಿತಿಗೇ ಹೆಚ್ಚು ಗೊಣಗಾಟ. 200 ಮಿ.ಮೀ. ದೂರವನ್ನು ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ದಾಟಲು 4 ಸೆಕೆಂಡ್ ಸಾಕು, 300ರ ವೇಗದಲ್ಲಿ 40 ಸೆಕೆಂಡ್ ಬೇಕು. ಕಾರ್ಖಾನೆಗೆ ಅದು ಹಣ. ಭಾನುವಾರದ ಹವ್ಯಾಸಿಗೆ ಒಂದು ಲೋಟ ಕಾಫಿಯ ಹೊತ್ತು, ಅಷ್ಟೇ. ಹೊರಬಂದ ಜಿ-ಕೋಡನ್ನು (ಯಂತ್ರ ಓದುವ ಆಜ್ಞೆಗಳ ಪಟ್ಟಿ) ತಿದ್ದಿ ಜಿ0ಗಳನ್ನು ಮರಳಿ ತುಂಬುವ ಸ್ಕ್ರಿಪ್ಟ್‌ಗಳೂ (ಪುಟ್ಟ ಪ್ರೋಗ್ರಾಂಗಳು) ಇವೆ. ತಂತ್ರಾಂಶದ ಬೀಗ ಒಡೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಷರತ್ತುಗಳನ್ನು ಓದದೆ ಅದಕ್ಕೆ ಕೈ ಹಾಕಬೇಡಿ. ಸ್ಕ್ರಿಪ್ಟ್ ಒಂದು ಸಾಲನ್ನು ತಪ್ಪಾಗಿ ಗುರುತಿಸಿದರೂ ಕಟರ್ ಪೂರ್ಣ ವೇಗದಲ್ಲಿ ಮರದೊಳಗೆ ನುಗ್ಗುತ್ತದೆ.

ಮುಂದಿನದು ಹಣದ ಪ್ರಶ್ನೆ, ಜಾರುವುದು ಇಲ್ಲಿಯೇ. ನೆರೆಯವರು ಒಂದು ನಾಮಫಲಕ ಕೊರೆಸಿಕೊಂಡು ಐನೂರು ರೂಪಾಯಿ ಕೊಟ್ಟರೆ ಅದು ಹವ್ಯಾಸವೋ ಜಾಬ್ ವರ್ಕೋ? ಫ್ಯೂಷನ್‌ನ ವೈಯಕ್ತಿಕ ಲೈಸೆನ್ಸ್ ವರ್ಷಕ್ಕೆ 1,000 ಡಾಲರ್‌ಗಿಂತ ಕಡಿಮೆ ಗಳಿಕೆಯವರಿಗೆ ಎಂದು ಗೆರೆ ಎಳೆದಿದೆ, ಕ್ರ್ಯಾಕ್ ಪ್ರತಿಗೆ ಅಂಥ ಯಾವ ಗೆರೆಯೂ ಇಲ್ಲ. ಕಾನೂನಾದರೋ ಹವ್ಯಾಸಕ್ಕೂ ಗಳಿಕೆಗೂ ಇರುವ ಈ ವ್ಯತ್ಯಾಸವನ್ನು ಗಮನಿಸುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನ ಪ್ರಕಾರ, ಕೃತಿಸ್ವಾಮ್ಯ ಮುರಿದ ತಂತ್ರಾಂಶವನ್ನು ತಿಳಿದೂ ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲವೆಂದಾದರೆ, ನ್ಯಾಯಾಲಯವು ಕಾರಣ ದಾಖಲಿಸಿ ಸೆರೆವಾಸ ಬಿಟ್ಟು 50,000 ರೂಪಾಯಿವರೆಗಿನ ದಂಡಕ್ಕೆ ನಿಲ್ಲಿಸಬಹುದು. ಹವ್ಯಾಸಿಗೆ ಸಿಗುವುದು ಶಿಕ್ಷೆಯಲ್ಲಿ ರಿಯಾಯಿತಿಯೇ ಹೊರತು ಅನುಮತಿಯಲ್ಲ. ಹಾಗಾಗಿ ಮೊದಲ ಸಂಭಾವನೆ ಕೈಗೆ ಬರುವ ಮುನ್ನವೇ ಲೈಸೆನ್ಸ್ ಸರಿಪಡಿಸಿಕೊಳ್ಳಿ ಅಥವಾ ಆ ಕೆಲಸವನ್ನು ಫ್ರೀಕ್ಯಾಡ್‌ನಲ್ಲಿ ಮಾಡಿ. ಅದರಲ್ಲಿ ಮಾಡಿದ ಕೆಲಸದಿಂದ ಎಷ್ಟು ಸಂಪಾದಿಸಿದರೂ ಯಾರ ತಕರಾರೂ ಇಲ್ಲ.

ಈಗಾಗಲೇ ಕ್ರ್ಯಾಕ್ ಪ್ರತಿ ಬಳಸುತ್ತಿರುವವರಿಗೆ ದೊಡ್ಡ ಚಿಂತೆ, ವರ್ಷಗಟ್ಟಲೆ ಬರೆದಿಟ್ಟ ಡ್ರಾಯಿಂಗ್‌ಗಳ ಗತಿ ಏನು ಎಂಬುದು. ವಿನ್ಯಾಸ ನಿಮ್ಮದೇ. ಅಳಿಸುವ ಮುನ್ನ ಘನ ಮಾದರಿಗಳನ್ನು ಸ್ಟೆಪ್ ರೂಪಕ್ಕೂ, ಚಪ್ಪಟೆ ರೇಖಾಚಿತ್ರಗಳನ್ನು ಡಿಎಕ್ಸ್‌ಎಫ್ ರೂಪಕ್ಕೂ ಹೊರತೆಗೆಯಿರಿ; ಎರಡೂ ಬೇರೆ ತಂತ್ರಾಂಶಗಳು ಓದಬಲ್ಲ ಕಡತ ರೂಪಗಳು. ಇದಕ್ಕಾಗಿ ಕ್ರ್ಯಾಕ್ ಪ್ರತಿಯನ್ನು ಇನ್ನೊಮ್ಮೆ ತೆರೆಯಬೇಕಾಗುತ್ತದೆ; ಹೊರಬರುವ ದಾರಿ ಅದೊಂದೇ ಆಗಿರುವಾಗ ಅದನ್ನು ನಾನು ದೂರುವುದಿಲ್ಲ. ಸ್ಟೆಪ್ ಕಡತದಲ್ಲಿ ಆಕಾರ ಉಳಿಯುತ್ತದೆ, ಸ್ಕೆಚ್‌ಗಳೂ ಹಂತಗಳ ಇತಿಹಾಸವೂ ಉಳಿಯುವುದಿಲ್ಲ. ಆದ್ದರಿಂದ ಮತ್ತೆ ಮತ್ತೆ ಅಳತೆ ಬದಲಿಸುವ ಭಾಗಗಳನ್ನು ಮಾತ್ರ ಫ್ರೀಕ್ಯಾಡ್‌ನಲ್ಲಿ ಹೊಸದಾಗಿ ಬರೆಯಿರಿ, ಉಳಿದವನ್ನು ಹಾಗೆಯೇ ಇಟ್ಟುಕೊಳ್ಳಿ. ಪ್ರತಿ ಕಡತವನ್ನೂ ತೆರೆದು ಒಂದು ರಂಧ್ರದ ವ್ಯಾಸವನ್ನಾದರೂ ಅಳೆದು ನೋಡಿ: ಮಿಲಿಮೀಟರ್ ಎಂದುಕೊಂಡ ಡಿಎಕ್ಸ್‌ಎಫ್ ಅಂಗುಲವಾಗಿ ತೆರೆದುಕೊಂಡರೆ ಅದು ಪರದೆಯ ಮೇಲೆಯೇ ತಿಳಿಯಲಿ.