ಅಡ್ಡಗಾಳಿ ನೋಡಿ ವಿಮಾನ ತಡವಾಗುತ್ತಾ ಅಂತ ಅಂದಾಜು ಮಾಡೋದು ಹೇಗೆ?

ಮೊದಲು ರನ್‌ವೇ ನಂಬರ್ ನೋಡಿ. ಅದರ ಮುಂದೆ ಒಂದು ಸೊನ್ನೆ ಹಾಕಿದರೆ ದಿಕ್ಕು ಸಿಗುತ್ತದೆ. 27 ಅಂದರೆ ಸುಮಾರು 270 ಡಿಗ್ರಿ, ಅಂದರೆ ಪಶ್ಚಿಮ. ಆಮೇಲೆ ವಿಮಾನ ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್ ತೆರೆದು ಗಾಳಿ ಯಾವ ಕಡೆಯಿಂದ ಎಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಬೀಸುತ್ತಿದೆ ನೋಡಿ. ರನ್‌ವೇ ದಿಕ್ಕು, ಗಾಳಿ ದಿಕ್ಕು ಎರಡರ ನಡುವಿನ ಕೋನವೇ ಮುಖ್ಯ. 90 ಡಿಗ್ರಿ ಇದ್ದರೆ ಗಾಳಿಯ ವೇಗವೆಲ್ಲ ಅಡ್ಡಕ್ಕೆ ಹೊಡೆಯುತ್ತದೆ, 30 ಇದ್ದರೆ ಅರ್ಧ ಮಾತ್ರ. 300 ಡಿಗ್ರಿಯಿಂದ 20 ನಾಟ್ ಬೀಸಿದರೆ ಈ ರನ್‌ವೇಗೆ ಅಡ್ಡಗಾಳಿ ಬರೀ 10 ನಾಟ್, ಹಾಗಾಗಿ ಸುಮ್ನೆ ವೇಗ ನೋಡಿ ಗಾಬರಿಯಾಗಬೇಡಿ.

ಆದರೆ ಗಾಳಿ ಬಿಟ್ಟುಬಿಟ್ಟು ರಭಸವಾಗಿ ಬೀಸುತ್ತಿದ್ದರೆ ಕಷ್ಟ ಜಾಸ್ತಿ. ಪೈಲಟ್ ಮೂತಿಯನ್ನು ಗಾಳಿ ಬರುವ ಕಡೆ ತಿರುಗಿಸಿಕೊಂಡು ಬಂದು, ನೆಲ ಮುಟ್ಟುವ ಹೊತ್ತಿಗೆ ರಡ್ಡರ್ (ಮೂತಿ ಎಡಬಲ ತಿರುಗಿಸುವ ಬಾಲದ ಫಲಕ) ಪೆಡಲ್ ಒತ್ತಿ ನೇರ ಮಾಡಬೇಕು. ಸರಿ ಬರದಿದ್ದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು. ಅದು ತಪ್ಪಲ್ಲ, ಒಳ್ಳೆಯ ನಿರ್ಧಾರ. ಆದರೆ ಆ ವಿಮಾನಕ್ಕೆ ಸಾಲಿನಲ್ಲಿ ಮತ್ತೆ ಜಾಗ ಬೇಕಲ್ವಾ, ಹಿಂದಿನವರು ಕಾಯಬೇಕಾಗುತ್ತದೆ.

ಬೇರೆ ದಿಕ್ಕಿನ ರನ್‌ವೇ ಇಲ್ಲದ ಕಡೆ ತಡ ಬೇಗ ಬೆಳೆಯುತ್ತದೆ. ನಿಮ್ಮ ವಿಮಾನ ಎಲ್ಲಿಂದ ಬರಬೇಕೋ ಅಲ್ಲಿನ ಗಾಳಿಯನ್ನೂ ಹೀಗೇ ನೋಡಿ.